ಸದನದಲ್ಲಿ ಗೆದ್ದ ಅರಸು ಊರಲ್ಲಿ ಸೋತದ್ದೇಕೆ?

ದೇವರಾಜ ಅರಸು ಅವರನ್ನು ಇಂದಿರಾ ಗಾಂಧಿ ಪಕ್ಷದಿಂದ ಹೊರಹಾಕಿದ್ದು 1979ರ ಜೂನ್‌ನಲ್ಲಿ. ಆಗ ಆಡಳಿತ ಪಕ್ಷದ ಬಹುಪಾಲು ಶಾಸಕರು ಅರಸರ ಬೆನ್ನಿಗೇ ನಿಂತರು, ಸರ್ಕಾರ ಅಲುಗಾಡಲಿಲ್ಲ. ಏಳು ತಿಂಗಳು ತುಂಬುವುದರೊಳಗೆ, 1980ರ ಜನವರಿ 7ರಂದು, ಅದೇ ಅರಸು ಮುಖ್ಯಮಂತ್ರಿ ಸ್ಥಾನ ಬಿಟ್ಟು ಹೊರನಡೆದರು. ಈ ನಡುವೆ ವಿಧಾನಸಭೆಗೆ ಚುನಾವಣೆ ನಡೆದಿರಲಿಲ್ಲ. ಸದನದಲ್ಲಿದ್ದ ಮುಖಗಳೂ ಅವೇ, ಅವರಿಗೆಲ್ಲ ಟಿಕೆಟ್ ಕೊಟ್ಟಿದ್ದೂ ಇದೇ ಅರಸು. ಬದಲಾದದ್ದು ಲೋಕಸಭೆ ಚುನಾವಣೆಯ ಫಲಿತಾಂಶ ಒಂದೇ. ಪ್ರತಿ ವರ್ಷ ಆಗಸ್ಟ್ 20ರಂದು ಅರಸು ಜಯಂತಿ ಬಂದಾಗ ಈ ಪತನಕ್ಕೆ ಮೂರು ವಿವರಣೆಗಳು ಸರದಿಯ ಮೇಲೆ ಕೇಳಿಬರುತ್ತವೆ. ಹೈಕಮಾಂಡಿನ ಕೃತಘ್ನತೆ ಎಂದು ಒಬ್ಬರು, ಭ್ರಷ್ಟಾಚಾರದ ಕಳಂಕ ಎಂದು ಇನ್ನೊಬ್ಬರು, ಶಾಸಕರ ಅವಕಾಶವಾದ ಎಂದು ಮತ್ತೊಬ್ಬರು. ಮೂರರಲ್ಲೂ ಒಂದಿಷ್ಟು ನಿಜವಿದೆ, ಆದರೆ ಮೂರೂ ಸೇರಿದರೂ ಆ ಏಳು ತಿಂಗಳ ಲೆಕ್ಕ ಸರಿಹೋಗುವುದಿಲ್ಲ. ನನ್ನ ವಾದ ಬೇರೆ. ಕರ್ನಾಟಕ ಕಂಡ ಅತ್ಯಂತ ಚತುರ ಶಾಸಕಾಂಗ ನಾಯಕ ಅರಸು. ಅವರು ದೊಡ್ಡ ಕೆಲಸ ಮಾಡಿದ್ದು ಶಾಸಕರ ಬಲದಿಂದ, ಬಿದ್ದಿದ್ದೂ ಶಾಸಕರ ಬಲವನ್ನೇ ಪಕ್ಷವೆಂದು ನಂಬಿದ್ದರಿಂದ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಈ ಮನುಷ್ಯನ ರಾಜಕೀಯ ಶುರುವಾದದ್ದು 1941ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಿಂದ. 1952ರಿಂದ ವಿಧಾನಸಭೆ. ಅರಮನೆಯ ನಂಟಿದ್ದ ಸಮುದಾಯದಲ್ಲಿ ಹುಟ್ಟಿದರು ನಿಜ, ಆದರೆ ಮತಪೆಟ್ಟಿಗೆಯ ಲೆಕ್ಕದಲ್ಲಿ ಆ ಸಮುದಾಯಕ್ಕೆ ತೂಕವೇ ಇಲ್ಲ. ಲಿಂಗಾಯತ ಮತ್ತು ಒಕ್ಕಲಿಗ ನಾಯಕರು ಅಧಿಕಾರವನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದ ರಾಜ್ಯದಲ್ಲಿ ಜಾತಿಬಲವಿಲ್ಲದ ನಾಯಕ ಮೇಲೇರಬೇಕಾದರೆ ಎರಡೇ ದಾರಿ: ಜನರ ನಡುವೆ ಸಂಘಟನೆ ಕಟ್ಟಬೇಕು, ಇಲ್ಲವೇ ಸದನದೊಳಗೆ ಲೆಕ್ಕಾಚಾರ ಬಲ್ಲವನಾಗಬೇಕು. ಅರಸು ಹಿಡಿದದ್ದು ಎರಡನೆಯದನ್ನು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ತಲೆಗಳೆಲ್ಲ ನಿಜಲಿಂಗಪ್ಪನವರ ಕಡೆ ಉಳಿದವು, ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಆ ಕಡೆಯೇ. ಅರಸು ಇಂದಿರಾ ಪಾಳೆಯ ಸೇರಿ ಇಲ್ಲಿ ಅದರ ಚುಕ್ಕಾಣಿ ಹಿಡಿದರು. 1971ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್‌ಗೆ ಬಂದವು. ಮರುವರ್ಷ ವಿಧಾನಸಭೆಯ 216ರಲ್ಲಿ 165. ಆ 165 ಮಂದಿಯನ್ನು ಆರಿಸುವ ಕೆಲಸದಲ್ಲಿ ಅರಸರ ಕೈ ದೊಡ್ಡದಿತ್ತು. ಪಟ್ಟಿಯಲ್ಲಿ ಹಿಂದುಳಿದವರು, ದಲಿತರು, ಹೆಸರೇ ಕೇಳದ ಸಣ್ಣ ಜಾತಿಗಳವರು, ಮೊದಲ ಸಲ ನಿಂತ ಯುವಕರು ಇದ್ದರು. ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ ಸದನ ಹೊಕ್ಕಿದ್ದು ಆಗಲೇ. ಆದರೆ ಈ ಹೊಸ ಶಾಸಕರಿಗೆ ಟಿಕೆಟ್ ಬಂದದ್ದು ಅರಸರಿಂದ, ಓಟು ಬಂದದ್ದು ಇಂದಿರಾ ಹೆಸರಿನಿಂದ. ಸಾಲ ಇಬ್ಬರದು. ಇಬ್ಬರೂ ಒಂದೇ ಕಡೆ ಇರುವ ತನಕ ಯಾರದು ಹೆಚ್ಚು, ಯಾರದು ಕಡಿಮೆ ಎಂಬ ಪ್ರಶ್ನೆ ಏಳುವಂತಿರಲಿಲ್ಲ.

ಮುಖ್ಯಮಂತ್ರಿಯಾಗಿ ಮುಂದಿನ ಐದು ವರ್ಷ ಅರಸು ಮಾಡಿದ್ದನ್ನು ಸಣ್ಣದೆಂದು ಯಾರೂ ಹೇಳಲಾರರು. ಅದರಲ್ಲಿ ಭೂಸುಧಾರಣೆಯ ಬಗ್ಗೆ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅವರ ಶಕ್ತಿ ಮತ್ತು ಕೊರತೆ ಎರಡೂ ಅಲ್ಲೇ ಒಟ್ಟಿಗೆ ಕಾಣುತ್ತವೆ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಗೇಣಿ ಜಮೀನು ಸರ್ಕಾರದ ವಶಕ್ಕೆ, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಹಕ್ಕು ಅವನಿಗೆ. ತೀರ್ಮಾನಿಸಲು ಸಿವಿಲ್ ಕೋರ್ಟ್ ಇಲ್ಲ, ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸುತ್ತ ಸರ್ಕಾರ ನಾಮಕರಣ ಮಾಡಿದ ಸದಸ್ಯರು, ಅವರಲ್ಲಿ ಪರಿಶಿಷ್ಟರೂ ಇರಲೇಬೇಕು. ವಕೀಲರಿಗೆ ಪ್ರವೇಶವಿಲ್ಲ. ಇದರ ಅರ್ಥ ಏನೆಂದು ಊಹಿಸಿಕೊಳ್ಳಿ: ಒಡೆಯನ ಜಗಲಿ ಹತ್ತಲೂ ಹಿಂಜರಿಯುತ್ತಿದ್ದ ಗೇಣಿದಾರ, ಗೇಣಿ ಕೊಟ್ಟಿದ್ದಕ್ಕೆ ಒಂದು ಚೀಟಿಯೂ ಇಲ್ಲದವನು, ಅದೇ ಒಡೆಯನ ಎದುರು ಕುಳಿತು, ಅಕ್ಕಪಕ್ಕದ ಹೊಲದವರ ಸಾಕ್ಷಿ ಹಿಡಿದು, ಈ ಗದ್ದೆ ನಾನು ಉತ್ತಿದ್ದು ಎಂದು ಬಾಯಿಬಿಟ್ಟು ಹೇಳುವ ಜಾಗ ಅದು. ಎದುರುಗಡೆಯವನ ಪರ ಇಂಗ್ಲಿಷಿನಲ್ಲಿ ವಾದಿಸಲು ಯಾರೂ ಇಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಕಾಲಾಂತರದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಅರ್ಜಿ ಉಳುವವರ ಪರವಾಗಿ ತೀರ್ಮಾನವಾದವು. ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಊರುಗಳ ಸಾಮಾಜಿಕ ಚಹರೆಯೇ ಬದಲಾಯಿತು.

ಆದರೆ ಆ ಮಂಡಳಿಯ ರಚನೆಯನ್ನು ಮತ್ತೊಮ್ಮೆ ಗಮನಿಸಿ. ಸದಸ್ಯರು ನಾಮಕರಣಗೊಂಡವರು, ಗೇಣಿದಾರರು ಆರಿಸಿದವರಲ್ಲ. ಯಾರನ್ನು ಕೂರಿಸಬೇಕೆಂಬುದು ಬೆಂಗಳೂರಿನಲ್ಲಿ, ಸ್ಥಳೀಯ ಶಾಸಕನ ಮಾತು ಕೇಳಿ, ತೀರ್ಮಾನವಾಗುತ್ತಿತ್ತು. ಅರ್ಜಿ ಹಾಕಿದವರ ಸಂಘವೊಂದನ್ನು ಆಡಳಿತ ಪಕ್ಷ ಕಟ್ಟಲಿಲ್ಲ. ಹಕ್ಕು ಪಡೆದವನಿಗೆ ಪಕ್ಷದೊಳಗೆ ಒಂದು ಜಾಗ, ಒಂದು ಸದಸ್ಯತ್ವ, ನಾಳೆ ದನಿ ಎತ್ತಲು ಒಂದು ವೇದಿಕೆ ಇರಲಿಲ್ಲ. ಅವನು ಫಲಾನುಭವಿಯಾದ, ಕಾರ್ಯಕರ್ತನಾಗಲಿಲ್ಲ. ಇದರ ಜೊತೆಗೆ, ಈ ಎಲ್ಲ ಕೆಲಸದ ಮೇಲೆ ಬರೆದ ಹೆಸರು ಇಂದಿರಾ ಗಾಂಧಿಯದು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಭೂಸುಧಾರಣೆ, ಬಡವರ ಮನೆ, ಋಣ ಪರಿಹಾರ ಎಲ್ಲವೂ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಹೆಸರಿನಲ್ಲಿ ಊರೂರಿಗೆ ಹೋದವು. ಹಾಗೆ ಸಾರಿದವರು ಸ್ವತಃ ಅರಸು ಸರ್ಕಾರದವರೇ. ಪ್ರಬಲ ಜಾತಿಗಳ ವಿರೋಧ ಎದುರಿಸಲು ದೆಹಲಿಯ ರಕ್ಷಣೆ ಬೇಕಿತ್ತು, ಅದಕ್ಕೆ ಕೊಟ್ಟ ಬೆಲೆ ಇದು. ಬೆಲೆ ಸಣ್ಣದೆಂದು ಆಗ ಅನಿಸಿರಬಹುದು. ಹಾವನೂರು ಆಯೋಗದ ಮೂಲಕ ಬಂದ ಹಿಂದುಳಿದ ವರ್ಗಗಳ ಮೀಸಲಾತಿಯ ಕಥೆಯೂ ಇದಕ್ಕಿಂತ ಹೆಚ್ಚು ಬೇರೆಯಲ್ಲ. ಅದು ಒಂದು ಪೀಳಿಗೆಗೆ ಓದು ಮತ್ತು ನೌಕರಿ ಕೊಟ್ಟಿತು, ಪಕ್ಷವನ್ನು ಕೊಡಲಿಲ್ಲ.

ಹಾಗಾದರೆ 1979ರಲ್ಲಿ ಇಂದಿರಾ ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಅರಸರಿಗೆ ಎಲ್ಲಿಂದ ಬಂತು? ಅದನ್ನು ಅಹಂಕಾರ ಎಂದು ತಳ್ಳಿಹಾಕುವುದು ಸುಲಭ, ಆದರೆ ಅವರ ಕೈಯಲ್ಲಿ ಪುರಾವೆಗಳಿದ್ದವು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಗಿ ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ಸೋತಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತ್ತು. ಆ ವರ್ಷದ ಡಿಸೆಂಬರ್ 31ರಂದು ಜನತಾ ಕೇಂದ್ರ ಸರ್ಕಾರ ಅರಸು ಸರ್ಕಾರವನ್ನು, ಸದನದಲ್ಲಿ ಬಲಾಬಲ ತೋರಿಸಲು ಬಿಡದೆಯೇ, ವಜಾ ಮಾಡಿತು. ಎರಡೇ ತಿಂಗಳಲ್ಲಿ ಚುನಾವಣೆ ಬಂತು. ಆಗಷ್ಟೇ ಹುಟ್ಟಿದ್ದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಗೆದ್ದು ಅರಸರನ್ನು ಮರಳಿ ಕೂರಿಸಿತು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಲೋಕಸಭೆಗೆ ಮರಳಿದರು, ಆ ಚುನಾವಣೆಯ ಹೊಣೆ ಹೊತ್ತವರು ಅರಸು. ನೆಲಕಚ್ಚಿದ್ದ ನಾಯಕಿಯನ್ನು ಎತ್ತಿ ನಿಲ್ಲಿಸಿದ್ದು ನಾನು ಎಂದು ಒಬ್ಬ ಮುಖ್ಯಮಂತ್ರಿ ಅಂದುಕೊಂಡರೆ ಅದರಲ್ಲಿ ಅಚ್ಚರಿಯೇನಿಲ್ಲ. ಆದರೆ ಪಕ್ಕದ ಆಂಧ್ರದ ಕಡೆ ಒಮ್ಮೆ ತಿರುಗಿ ನೋಡಿದ್ದರೆ ಅನುಮಾನ ಹುಟ್ಟಬೇಕಿತ್ತು. ಅಲ್ಲಿ ಅರಸು ಇರಲಿಲ್ಲ, ಅರಸು ಮಾದರಿಯ ಭೂಸುಧಾರಣೆಯೂ ಇರಲಿಲ್ಲ. ಆದರೂ 1977ರಲ್ಲಿ ಕಾಂಗ್ರೆಸ್ 42ರಲ್ಲಿ 41 ಗೆದ್ದಿತ್ತು, 1978ರಲ್ಲಿ ಚೆನ್ನಾರೆಡ್ಡಿ ನೇತೃತ್ವದಲ್ಲಿ ಇಂದಿರಾ ಕಾಂಗ್ರೆಸ್ 294ರಲ್ಲಿ 175 ಪಡೆದಿತ್ತು. ದಕ್ಷಿಣದ ಬಡವರ ಓಟು ಇಂದಿರಾ ಹೆಸರಿಗೆ ಬೀಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿರಲಿಲ್ಲ. ತಮ್ಮ ಕೆಲಸವನ್ನೂ ಅವರ ಹೆಸರನ್ನೂ ಮತದಾರ ಬೇರೆಬೇರೆ ಎಣಿಸುತ್ತಾನೆ ಎಂಬುದು ಅರಸರ ಲೆಕ್ಕ. ಆ ಲೆಕ್ಕವನ್ನು ಅಲ್ಲಿಯವರೆಗೆ ಯಾವ ಚುನಾವಣೆಯೂ ಪರೀಕ್ಷೆಗೆ ಒಡ್ಡಿರಲಿಲ್ಲ.

ಜಗಳ ಹತ್ತಿಕೊಂಡದ್ದು ಯಾವುದರ ಮೇಲೆ ಎಂಬುದೂ ಮುಖ್ಯ. ಸಂಜಯ ಗಾಂಧಿಯ ಪಾತ್ರ, ದೆಹಲಿಯ ಅನುಮಾನಗಳು ಎಲ್ಲ ಹಿನ್ನೆಲೆಯಲ್ಲಿ ಇದ್ದೇ ಇದ್ದವು. ಆದರೆ ಮೇಲಕ್ಕೆ ಬಂದ ವಿಷಯ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಸ್ಥಾನ. ಅರಸು ಮುಖ್ಯಮಂತ್ರಿಯೂ ಆಗಿದ್ದರು, ಪ್ರದೇಶಾಧ್ಯಕ್ಷರೂ ಆಗಿದ್ದರು. ಒಬ್ಬರಿಗೆ ಒಂದೇ ಹುದ್ದೆ ಎಂದು ಇಂದಿರಾ ಪಟ್ಟುಹಿಡಿದರು, ಅಧ್ಯಕ್ಷ ಸ್ಥಾನ ಬಂಗಾರಪ್ಪನವರಿಗೆ ಹೋಯಿತು. ಅರಸರ ಅಭಿಮಾನಿಗಳು ಇದನ್ನು ಕಾಲೆಳೆಯುವ ತಂತ್ರವೆಂದೇ ನೋಡುತ್ತಾರೆ, ಇರಬಹುದು. ಆದರೆ ಆ ಕುರ್ಚಿ ಅವರ ಕೈಯಲ್ಲಿದ್ದಾಗ ಅದರಿಂದ ಏನಾಯಿತು ಎಂದು ಯಾಕೆ ಕೇಳಬಾರದು? ಪಕ್ಷದ ಕಚೇರಿ ಮುಖ್ಯಮಂತ್ರಿ ಕಚೇರಿಯ ಒಂದು ವಿಭಾಗವಾಗಿತ್ತು ಅಷ್ಟೆ. ಕುರ್ಚಿ ಕೈತಪ್ಪಿದ ದಿನ ಅರಸರ ಜೊತೆ ಹೊರಬಂದದ್ದು ಶಾಸಕರು. ಪಕ್ಷದ ಕೆಳಗಿನ ಯಾವ ಪದರವೂ ಬರಲಿಲ್ಲ, ಬರಲು ಅಂಥದ್ದೊಂದು ಇರಲೇ ಇಲ್ಲ. ಮುಂದೆ ಅವರು ರಾಷ್ಟ್ರಮಟ್ಟದ ಇನ್ನೊಂದು ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಜನ ಅದನ್ನು ಅರಸು ಕಾಂಗ್ರೆಸ್ ಎಂದೇ ಕರೆದರು. 1980ರ ಜನವರಿಯಲ್ಲಿ ಆ ಪಕ್ಷಕ್ಕೆ ದೇಶದಲ್ಲಿ 13 ಸ್ಥಾನ ಸಿಕ್ಕವು, ಅಧ್ಯಕ್ಷರ ಸ್ವಂತ ರಾಜ್ಯದಲ್ಲಿ ಸೊನ್ನೆ. ಕರ್ನಾಟಕದ 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ, ಉಳಿದ ಬೆಂಗಳೂರು ದಕ್ಷಿಣ ಜನತಾ ಪಕ್ಷಕ್ಕೆ.

ಇಲ್ಲಿ ಬರುವ ಮೊದಲ ಆಕ್ಷೇಪ, ಅದು ದೇಶವ್ಯಾಪಿ ಅಲೆ, ಅದರೆದುರು ಯಾರು ನಿಲ್ಲಲು ಸಾಧ್ಯವಿತ್ತು ಎಂಬುದು. ನಿಂತವರಿದ್ದಾರೆ. ತಮಿಳುನಾಡಿನಲ್ಲಿ ಎಂಜಿಆರ್ ಅದೇ ಚುನಾವಣೆಯಲ್ಲಿ ಅರಸರಷ್ಟೇ ಕೆಟ್ಟದಾಗಿ ಸೋತರು: 39ರಲ್ಲಿ ಎರಡೇ ಸ್ಥಾನ. ಫೆಬ್ರವರಿಯಲ್ಲಿ ಇಂದಿರಾ ಸರ್ಕಾರ ಒಂಬತ್ತು ವಿಧಾನಸಭೆಗಳನ್ನು ಒಂದೇ ಏಟಿಗೆ ವಿಸರ್ಜಿಸಿದಾಗ ಎಂಜಿಆರ್ ಸರ್ಕಾರವೂ ಹೋಯಿತು. ಆದರೆ ಅವರ ಶಾಸಕರು ಹಾರಲಿಲ್ಲ, ಪಕ್ಷ ಚದುರಲಿಲ್ಲ. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ನಡೆದು 234ರಲ್ಲಿ 129 ಗೆದ್ದು ಎಂಜಿಆರ್ ಮರಳಿ ಬಂದರು. ಜಾತಿಬಲ ಅವರಿಗೂ ಇರಲಿಲ್ಲ, ಕುಟುಂಬದ ಮೂಲವಂತೂ ಆ ರಾಜ್ಯದ್ದೇ ಅಲ್ಲ. ಅವರಿಗಿದ್ದದ್ದು ಊರೂರಲ್ಲಿ ಅಭಿಮಾನಿ ಸಂಘದಿಂದ ಬೆಳೆದ ಒಂದು ಪಕ್ಷ, ಅದರ ಮೇಲೆ ಬೇರೆ ಯಾರ ಮುದ್ರೆಯೂ ಇಲ್ಲ. ಇನ್ನು ಪಶ್ಚಿಮ ಬಂಗಾಳ. ಅಲ್ಲಿ ಎಡರಂಗ 1978ರಲ್ಲಿ ಬರ್ಗಾ ಕಾರ್ಯಾಚರಣೆ ಶುರು ಮಾಡಿ ಪಾಲುಗಾರ ರೈತರ ಹೆಸರನ್ನು ದಾಖಲೆಗೆ ತಂದಿತು. ಕರ್ನಾಟಕದಲ್ಲಿ ಗೇಣಿದಾರ ಭೂಮಿಯ ಒಡೆಯನೇ ಆದ, ಅಲ್ಲಿ ಸಿಕ್ಕಿದ್ದು ಪಾಲಿನ ಭದ್ರತೆ ಮಾತ್ರ. ಆದರೂ ಆ ಅಲೆಯಲ್ಲೇ ಎಡರಂಗ 42ರಲ್ಲಿ 38 ಗೆದ್ದಿತು. ಕಾರಣ, ಅಲ್ಲಿ ಪಾಲುಗಾರನ ಪಕ್ಕದಲ್ಲಿ ಕಿಸಾನ್ ಸಭಾ ಇತ್ತು. ಆ ಸಂಘಟನೆ ಮುಂದೆ ಊರಿನ ಉಸಿರು ಕಟ್ಟಿಸುವಷ್ಟು ಬಿಗಿಯಾಗಿ ತನ್ನ ಪಾಪಗಳನ್ನೂ ಮಾಡಿತು, ಅದನ್ನು ಮಾದರಿ ಎಂದು ನಾನು ಎತ್ತಿ ತೋರಿಸುತ್ತಿಲ್ಲ. ಹೆಚ್ಚು ಕೊಟ್ಟ ಅರಸು ಸೊನ್ನೆ ಪಡೆದು ಕಡಿಮೆ ಕೊಟ್ಟವರು ಉಳಿದದ್ದಕ್ಕೆ ಅಲೆಯೊಂದೇ ವಿವರಣೆಯಾಗಲಾರದು ಎಂಬಷ್ಟೇ ನನ್ನ ಮಾತು.

ಆ ಒಂಬತ್ತು ವಿಧಾನಸಭೆಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಇಡೀ ಪತನದಲ್ಲಿ ಅತಿ ಕ್ರೂರವಾದ ಸಂಗತಿ ಅದೇ ಎಂದು ನನಗನಿಸುತ್ತದೆ. ವಿಸರ್ಜಿಸುವ ಅಗತ್ಯವೇ ಬೀಳಲಿಲ್ಲ. ಲೋಕಸಭೆ ಫಲಿತಾಂಶ ಹೊರಬೀಳುತ್ತಿದ್ದಂತೆ ಶಾಸಕರು ಸಾಲುಗಟ್ಟಿ ಇಂದಿರಾ ಕಾಂಗ್ರೆಸ್ಸಿನತ್ತ ನಡೆದರು, ಜನವರಿ 12ರಂದು ಗುಂಡೂರಾವ್ ಮುಖ್ಯಮಂತ್ರಿಯಾದರು. ಹರಿಯಾಣದಲ್ಲಿ ಭಜನ್‌ಲಾಲ್ ಸಂಪುಟ ಸಮೇತ ಪಕ್ಷಾಂತರ ಮಾಡಿ ಕುರ್ಚಿ ಉಳಿಸಿಕೊಂಡದ್ದೂ ಅದೇ ತಿಂಗಳು. ಅಲ್ಲಿ ನಾಯಕನೇ ಶಾಸಕರನ್ನು ಕರೆದೊಯ್ದ, ಇಲ್ಲಿ ಶಾಸಕರು ನಾಯಕನನ್ನು ಬಿಟ್ಟುಹೋದರು. ಶಾಸಕರು ಅಂಟಿಕೊಂಡಿದ್ದರೆ ಏನಾಗುತ್ತಿತ್ತು? ಬಹುಶಃ ಅರಸು ಸರ್ಕಾರವೂ ವಜಾ ಆಗುತ್ತಿತ್ತು, ಮೇ ತಿಂಗಳಲ್ಲಿ ಎಂಜಿಆರ್ ಜೊತೆ ಅರಸರೂ ಜನರ ಮುಂದೆ ಹೋಗುತ್ತಿದ್ದರು. ಗೆಲ್ಲುತ್ತಿದ್ದರೆಂದು ನಾನು ಹೇಳುವುದಿಲ್ಲ, 27 ಸ್ಥಾನಗಳ ಸೋಲು ಸಣ್ಣದೇನಲ್ಲ. ಆದರೆ ದೆಹಲಿಗೆ ಯಾರು ಎಂಬುದಕ್ಕೆ ಒಂದು ಉತ್ತರ, ರಾಜ್ಯಕ್ಕೆ ಯಾರು ಎಂಬುದಕ್ಕೆ ಇನ್ನೊಂದು ಉತ್ತರ ಕೊಡಬಲ್ಲ ಮತದಾರನನ್ನು ತಮಿಳುನಾಡು ಆ ವರ್ಷವೇ ತೋರಿಸಿಕೊಟ್ಟಿತು. ಕರ್ನಾಟಕದ ಗೇಣಿದಾರನಿಗೆ ಆ ಎರಡನೇ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. 1978ರಲ್ಲಿ ಅರಸರಿಗೆಂದು ಆರಿಸಿದ ಸದನ ಇಂದಿರಾ ಕಾಂಗ್ರೆಸ್ಸಿನ ಸದನವಾಗಿ 1983ರ ಜನವರಿವರೆಗೆ ನಡೆಯಿತು.

ಎರಡನೇ ಆಕ್ಷೇಪ ಭ್ರಷ್ಟಾಚಾರದ್ದು. ಜನತಾ ಸರ್ಕಾರ 1977ರಲ್ಲಿ ನೇಮಿಸಿದ ನ್ಯಾಯಮೂರ್ತಿ ಗ್ರೋವರ್ ಆಯೋಗ ಅರಸರ ಮೇಲಿನ ಕೆಲವು ಆರೋಪಗಳನ್ನು ಎತ್ತಿಹಿಡಿಯಿತು. ಸ್ವಜನಪಕ್ಷಪಾತದ ಮಾತು ಅದರಲ್ಲಿತ್ತು. ಆಯೋಗದ ನೇಮಕವನ್ನು ಪ್ರಶ್ನಿಸಿ ಅರಸು ಸರ್ಕಾರ ಸುಪ್ರೀಂ ಕೋರ್ಟಿಗೂ ಹೋಗಿ ಸೋತಿತು. ನೇಮಿಸಿದವರ ಉದ್ದೇಶ ಏನೇ ಇರಲಿ, ಎತ್ತಿಹಿಡಿದ ಆರೋಪ ಅಲ್ಲಗಳೆದಂತಾಗುವುದಿಲ್ಲ. ಅರಸರನ್ನು ಆರಾಧಿಸುವವರು ಇಲ್ಲಿ ಜಾಣಮೌನ ವಹಿಸುವುದು ಸರಿಯಲ್ಲ. ಆದರೆ ಪತನಕ್ಕೆ ಅದೇ ಕಾರಣ ಎಂಬ ವಾದ ನಿಲ್ಲುವುದಿಲ್ಲ. ಈ ಆರೋಪಗಳ ಸದ್ದು ರಾಜ್ಯದ ತುಂಬ ಹರಡಿದ್ದಾಗಲೇ ಮತದಾರ 149 ಸ್ಥಾನ ಕೊಟ್ಟದ್ದು. ಬಿಟ್ಟುಹೋದ ಶಾಸಕರಂತೂ ನೈತಿಕ ಬೇಸರದಿಂದ ಹೋದವರಲ್ಲ. ಹಣದ ಪಾತ್ರ ಇದ್ದದ್ದು ಬೇರೆ ರೀತಿಯಲ್ಲಿ. ಸಂಘಟನೆ ಇಲ್ಲದ ನಾಯಕ ಶಾಸಕರನ್ನು ಹಿಡಿದಿಡಬೇಕಾದರೆ ನಿಗಮ, ಮಂಡಳಿ, ವರ್ಗಾವಣೆ, ಚುನಾವಣಾ ಖರ್ಚು ಇವುಗಳಿಂದಲೇ ಹಿಡಿದಿಡಬೇಕು. ಅದಕ್ಕೆಲ್ಲ ಮೂಲ ಅಧಿಕಾರದ ಕುರ್ಚಿ. ನಾಳೆ ಆ ಕುರ್ಚಿ ಇನ್ನೊಬ್ಬರ ಪಾಲಾಗುತ್ತದೆಂದು ಗೊತ್ತಾದ ಕ್ಷಣ ಈ ಬಗೆಯ ನಿಷ್ಠೆಗೆ ಆಧಾರವೇ ಉಳಿಯುವುದಿಲ್ಲ. ಅರಸರ ಭ್ರಷ್ಟಾಚಾರವನ್ನು ಅವರ ಸ್ವಭಾವದ ದೋಷವಾಗಿ ನೋಡುವುದಕ್ಕಿಂತ ಅವರು ಆರಿಸಿಕೊಂಡ ರಾಜಕೀಯ ವಿಧಾನದ ಖರ್ಚಾಗಿ ನೋಡುವುದು ಹೆಚ್ಚು ಸರಿ. ಹಾಗೆಂದ ಮಾತ್ರಕ್ಕೆ ಅದು ಕ್ಷಮಾರ್ಹವಾಗುವುದಿಲ್ಲ.

ಶಾಸಕರ ದ್ರೋಹ ಎಂಬ ಮೂರನೇ ವಿವರಣೆಗೆ ಬಂದರೆ, ಪಕ್ಷಾಂತರ ನಿಷೇಧ ಕಾಯ್ದೆ ಆಗ ಇದ್ದಿದ್ದರೆ ಅರಸು ಉಳಿಯುತ್ತಿದ್ದರು ಎಂದು ವಾದಿಸುವವರಿದ್ದಾರೆ. ಕಾಯ್ದೆ ಬಂದದ್ದು 1985ರಲ್ಲಿ. ಅದರ ಮೊದಲ ರೂಪದಲ್ಲಿ ಮೂರನೇ ಒಂದು ಭಾಗ ಹೊರನಡೆದರೆ ಅದು ವಿಭಜನೆ, ಅನರ್ಹತೆ ಇಲ್ಲ. 2003ರ ತಿದ್ದುಪಡಿಯ ನಂತರವೂ ಮೂರನೇ ಎರಡು ಭಾಗದ ವಿಲೀನಕ್ಕೆ ಬಾಗಿಲು ತೆರೆದೇ ಇದೆ. 1980ರ ಜನವರಿಯಂಥ ಸಾಮೂಹಿಕ ವಲಸೆಯನ್ನು ತಡೆಯುವುದು ಆ ಕಾಯ್ದೆಯ ಕೈಯಲ್ಲಿಲ್ಲ. 2019ರಲ್ಲಿ ಇದೇ ವಿಧಾನಸಭೆಯ 17 ಶಾಸಕರು, ಬಹುತೇಕರು ರಾಜೀನಾಮೆಯ ದಾರಿ ಹಿಡಿದು, ಅನರ್ಹಗೊಂಡು, ಅವರಲ್ಲಿ ಹೆಚ್ಚಿನವರು ಮತ್ತೆ ಗೆದ್ದು ಬಂದದ್ದು ನಮ್ಮ ಕಣ್ಣೆದುರಿಗೇ ಇದೆ. ಇನ್ನೂ ಒಂದು ಮಾತಿದೆ. 1979ರ ಜೂನ್‌ನಲ್ಲಿ ಇಂದಿರಾ ಚಿಹ್ನೆಯ ಮೇಲೆ ಗೆದ್ದ ಶಾಸಕರನ್ನು ಅರಸು ತಮ್ಮ ಜೊತೆ ಕರೆದುಕೊಂಡು ಬಂದರಲ್ಲ, ಆಗ ಅದು ದ್ರೋಹ ಎನಿಸಲಿಲ್ಲವೇ? ಅದೇ ಶಾಸಕರು ಜನವರಿಯಲ್ಲಿ ವಾಪಸು ಹೋದರು. ಎರಡೂ ಸಲ ಅವರು ನೋಡಿದ್ದು ಮುಂದಿನ ಚುನಾವಣೆಯಲ್ಲಿ ಗೆಲ್ಲಿಸುವವರು ಯಾರೆಂದು. ಜೂನ್‌ನಲ್ಲಿ ಉತ್ತರ ಗೊತ್ತಿರಲಿಲ್ಲ, ಜನವರಿಯಲ್ಲಿ ಗೊತ್ತಾಯಿತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಜಾತಿಬಲವಿಲ್ಲದ, ಎಂಟು ವರ್ಷವೂ ತುಂಬದ ಅಧಿಕಾರದಲ್ಲಿ, ದೆಹಲಿಯ ಕಣ್ಣಳತೆಯಲ್ಲಿ ಕೂತ ಮುಖ್ಯಮಂತ್ರಿ ಸಂಘಟನೆ ಕಟ್ಟಲು ಹೊರಟಿದ್ದರೆ ಇಂದಿರಾ ಅವನನ್ನು 1974ರಲ್ಲೇ ಮುಗಿಸುತ್ತಿದ್ದರು, ಆಗ ಭೂಸುಧಾರಣೆಯೂ ಆಗುತ್ತಿರಲಿಲ್ಲ, ಹಾವನೂರು ವರದಿಯೂ ಬರುತ್ತಿರಲಿಲ್ಲ. ಈ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಮೊದಲ ಅವಧಿಯಲ್ಲಿ ಅರಸರಿಗೆ ಬೇರೆ ದಾರಿ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. 1978ರ ನಂತರ? ಆಗ ಇಂದಿರಾ ಅಧಿಕಾರದಲ್ಲಿರಲಿಲ್ಲ, ವಜಾ ಮಾಡುವ ಶಕ್ತಿ ಅವರಿಗಿರಲಿಲ್ಲ, ಅವರಿಗೇ ಅರಸರ ಆಸರೆ ಬೇಕಿತ್ತು. ಏಳನೇ ನಮೂನೆಯ ಅರ್ಜಿಗಳಿಗೆ ಗಡುವು 1979ರ ಜೂನ್ 30ರವರೆಗೂ ವಿಸ್ತರಣೆಯಾಗಿತ್ತು, ಅಂದರೆ ಲಕ್ಷಗಟ್ಟಲೆ ಗೇಣಿದಾರರು ಸರ್ಕಾರದ ಜೊತೆ ಜೀವಂತ ವ್ಯವಹಾರದಲ್ಲಿದ್ದರು. ಅವರನ್ನು ಒಂದೆಡೆ ಸೇರಿಸಲು ಆ ಒಂದೂವರೆ ವರ್ಷಕ್ಕಿಂತ ಒಳ್ಳೆಯ ಕಾಲ ಬರುವಂತಿರಲಿಲ್ಲ. ಅರಸು ಆ ಕಾಲವನ್ನು ಕಳೆದದ್ದು ಚಿಕ್ಕಮಗಳೂರಿನಲ್ಲಿ, ಆಮೇಲೆ ಪ್ರದೇಶಾಧ್ಯಕ್ಷ ಕುರ್ಚಿಯ ಜಗಳದಲ್ಲಿ.

ಪಕ್ಷ ಬೇಕು ಎಂದು ಅವರಿಗೆ ಕಡೆಗೆ ಹೊಳೆಯದೆ ಇರಲಿಲ್ಲ. 1982ರಲ್ಲಿ ಕರ್ನಾಟಕ ಕ್ರಾಂತಿರಂಗ ಹುಟ್ಟಿತು, ಜೂನ್ 6ರಂದು ಅರಸು ತೀರಿಕೊಂಡರು. ಅವರ ಜಾಗದಲ್ಲಿ ಪ್ರದೇಶಾಧ್ಯಕ್ಷರಾಗಿದ್ದ ಬಂಗಾರಪ್ಪನವರೇ ಆ ಹೊತ್ತಿಗೆ ಇಂದಿರಾ ಕಾಂಗ್ರೆಸ್ ಬಿಟ್ಟು ಕ್ರಾಂತಿರಂಗದ ಮುಂದಾಳಾದರು. ನರಗುಂದ-ನವಲಗುಂದದ ರೈತ ಬಂಡಾಯ, ಗೋಕಾಕ್ ಚಳವಳಿ ಇವುಗಳಿಂದ ಕಂಗೆಟ್ಟಿದ್ದ ಗುಂಡೂರಾವ್ ಸರ್ಕಾರ 1983ರ ಜನವರಿಯಲ್ಲಿ ಸೋತಿತು. ಜನತಾ ಪಕ್ಷ ಮತ್ತು ಕ್ರಾಂತಿರಂಗ ಒಟ್ಟಾಗಿ ಎದುರಿಸಿದ ಆ ಚುನಾವಣೆಯಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಮುಖ್ಯಮಂತ್ರಿ ಯಾರು ಎಂಬುದು ಮತ್ತೆ ತೀರ್ಮಾನವಾದದ್ದು ಶಾಸಕರ ನಡುವಿನ ಲೆಕ್ಕಾಚಾರದಲ್ಲಿ. ಬಂಗಾರಪ್ಪನವರು ಕಾದು ಕುಳಿತರು, ಪಟ್ಟ ಹೋದದ್ದು ಅಂದಿಗೆ ವಿಧಾನಸಭೆಯ ಸದಸ್ಯರೂ ಆಗಿರದ ರಾಮಕೃಷ್ಣ ಹೆಗಡೆ ಅವರಿಗೆ.